ಬಾಲಕ್ಕೂ ಬೆಲೆ ಕಟ್ಟಿದ ಕಾಲ

ಹಂಪಿಗೆ ಹೋದವರು ಮಹಾನವಮಿ ದಿಬ್ಬ ನೋಡದೆ ಬರುವುದಿಲ್ಲ. ಆದರೆ ಹೆಚ್ಚಿನವರು ಮೇಲೆ ಹತ್ತಿ, ಸುತ್ತಲ ಬಯಲನ್ನು ಒಮ್ಮೆ ನೋಡಿ ಇಳಿದುಬಿಡುತ್ತಾರೆ. ದಿಬ್ಬದ ಗೋಡೆಯ ಮೇಲೆ ಸಾಲುಸಾಲಾಗಿ ಕೊರೆದ ಚಿತ್ರಗಳ ಮುಂದೆ ನಿಲ್ಲುವವರು ಕಡಿಮೆ. ಅಲ್ಲಿ ಆನೆಗಳಿವೆ, ಬೇಟೆಯಿದೆ, ಕುಣಿತವಿದೆ. ಅವುಗಳ ನಡುವೆ ಗಡ್ಡ ಬಿಟ್ಟು, ಚೂಪು ಟೊಪ್ಪಿಗೆ ತೊಟ್ಟ ಪರದೇಶಿಗರೂ ಇದ್ದಾರೆ. ಅವರು ಕುದುರೆಗಳನ್ನು ನಡೆಸಿಕೊಂಡು ಬರುತ್ತಿದ್ದಾರೆ. ಅರಬಸ್ಥಾನ, ಪರ್ಷಿಯಾ, ತುರ್ಕರ ನಾಡುಗಳಿಂದ ಕುದುರೆ ತಂದ ವ್ಯಾಪಾರಿಗಳು ಇವರು ಎಂದು ವಿದ್ವಾಂಸರು ಗುರುತಿಸಿದ್ದಾರೆ.

ದಕ್ಷಿಣಕ್ಕೆ ಮುಸ್ಲಿಮರು ಬಂದದ್ದು ಹೇಗೆ ಎಂಬ ಪ್ರಶ್ನೆಗೆ ನಮ್ಮ ಮಕ್ಕಳಿಗೆ ಇಂದು ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ಖಡ್ಗ ಹಿಡಿದು. ವಿಜಯನಗರದ ಅರಸರು ತಮ್ಮದೇ ದಿಬ್ಬದ ಮೇಲೆ ಕೊರೆಸಿದ ಈ ಚಿತ್ರ ಬೇರೆ ಮಾತು ಹೇಳುತ್ತದೆ. ಇಲ್ಲಿ ನಿಂತವನ ಕೈಯಲ್ಲಿರುವುದು ಲಗಾಮು. ಅವನು ಮಾರಲು ಬಂದವನು, ಅವನನ್ನು ಬರಮಾಡಿಕೊಂಡವರು ಕೊಳ್ಳುವವರು. ಆ ವ್ಯಾಪಾರದ ಕಥೆಯಲ್ಲಿ ಹೆಮ್ಮೆಪಡುವಂಥದ್ದೂ ಇದೆ, ತಲೆ ತಗ್ಗಿಸುವಂಥದ್ದೂ ಇದೆ.

ದಖ್ಖನದಲ್ಲಿ ಒಳ್ಳೆಯ ಕುದುರೆ ಹುಟ್ಟುತ್ತಿರಲಿಲ್ಲ. ವಿಶಾಲವಾದ ಹುಲ್ಲುಗಾವಲಿಲ್ಲ, ಮಳೆಗಾಲದ ತೇವ, ಬೇಸಿಗೆಯ ಬಿಸಿಲು ಬೇರೆ. ಇಲ್ಲಿಯ ತಟ್ಟು ಕುದುರೆ ಗಿಡ್ಡ ಜಾತಿಯದು. ಹೊರೆ ಹೊರಲು ಗಟ್ಟಿ, ಕಲ್ಲುದಾರಿಯಲ್ಲಿ ನಂಬಿಗಸ್ತ, ಆದರೆ ಕವಚ ತೊಟ್ಟ ಯೋಧನನ್ನು ಹೊತ್ತು ರಣರಂಗದಲ್ಲಿ ನುಗ್ಗುವ ಶಕ್ತಿ ಅದಕ್ಕಿಲ್ಲ. ಆದ್ದರಿಂದ ಬಹಮನಿಗಳಾಗಲಿ, ವಿಜಯನಗರದವರಾಗಲಿ, ಅವರಿಗೂ ಮೊದಲಿನ ಪಾಂಡ್ಯರಾಗಲಿ, ಕುದುರೆಗಾಗಿ ಕಡಲಾಚೆ ನೋಡಲೇಬೇಕಿತ್ತು.

ಹೊರಗಿನಿಂದ ಬರುತ್ತಿದ್ದ ಕುದುರೆಗಳೆಲ್ಲ ಒಂದೇ ಬಗೆಯವಲ್ಲ. 14ನೇ ಶತಮಾನದಲ್ಲಿ ಬಂದ ಪ್ರವಾಸಿ ಇಬ್ನ್ ಬತೂತಾ ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಬರೆದಿದ್ದಾರೆ. ಮಧ್ಯ ಏಷ್ಯಾದ ಹುಲ್ಲುಬಯಲಿನ ತುರ್ಕಿ ಕುದುರೆಗಳು ಅಲ್ಲಿ ಬಹಳ ಅಗ್ಗ. ವ್ಯಾಪಾರಿಗಳು ಅವುಗಳನ್ನು ಸಾವಿರಗಟ್ಟಲೆ ಮಂದೆಯಾಗಿ ನೆಲದ ದಾರಿಯಲ್ಲಿ ಹಿಂದೂಸ್ತಾನಕ್ಕೆ ಅಟ್ಟಿಕೊಂಡು ಬರುತ್ತಿದ್ದರು. ದೂರದ ನಡಿಗೆ ಮತ್ತು ಭಾರ ಹೊರುವ ಬಲಕ್ಕಾಗಿ ಇವನ್ನು ಕೊಳ್ಳುತ್ತಿದ್ದರು, ಏಕೆಂದರೆ ಇಲ್ಲಿ ಯುದ್ಧದಲ್ಲಿ ಸವಾರನಿಗೂ ಕವಚ, ಕುದುರೆಗೂ ಕವಚ. ಓಟಕ್ಕೆ ಬೇಕಾದ ಕುದುರೆಗಳೇ ಬೇರೆ. ಅವು ಯಮನ್, ಒಮಾನ್, ಫಾರ್ಸ್ ಪ್ರದೇಶಗಳಿಂದ ಹಡಗಿನಲ್ಲಿ ಬರುತ್ತಿದ್ದವು, ಒಂದೊಂದಕ್ಕೆ 1000ದಿಂದ 4000 ದೀನಾರ್ ಬೆಲೆ ಎಂದು ಅವರು ಹೇಳುತ್ತಾರೆ.

ಅರಬಿ ಕುದುರೆಗೆ ಪರ್ಷಿಯನ್ ಭಾಷೆಯಲ್ಲಿ 'ತಾಜಿ' ಎಂಬ ಹೆಸರಿತ್ತು. ನಮ್ಮ ಜನಪದರ ಬಾಯಲ್ಲಿ ಒಳ್ಳೆಯ ಕುದುರೆಗೆ 'ತೇಜಿ' ಎನ್ನುವುದು ಇದರಿಂದಲೇ ಬಂದದ್ದೆಂದು ಹೇಳುವವರಿದ್ದಾರೆ. ತಮಾಷೆಯೆಂದರೆ, ಅಕ್ಬರನ ಕಾಲದ ಐನ್-ಎ-ಅಕ್ಬರಿಯಲ್ಲಿ ಕುದುರೆಗಳನ್ನು ಅರಬಿ, ಇರಾಕಿ, ಮುಜನ್ನಸ್, ತುರ್ಕಿ, ಯಾಬು, ತಾಜಿ, ಜಂಗ್ಲಾ ಎಂದು ಏಳು ದರ್ಜೆ ಮಾಡಿರುವಲ್ಲಿ ತಾಜಿ ಎಂದರೆ ಇಲ್ಲಿಯೇ ಹುಟ್ಟಿದ ಕುದುರೆ! ಹೆಸರೂ ಕುದುರೆಯ ಹಾಗೆಯೇ ಬಂದ ನೆಲಕ್ಕೆ ಒಗ್ಗಿಕೊಂಡುಬಿಟ್ಟಿತು.

ಮಸೀದಿಗೆ ಹೋಗುವ ಮಕ್ಕಳಿಗೂ ಕುದುರೆಯ ಪರಿಚಯವಿದೆ. ಅಲ್‌ಆದಿಯಾತ್ ಸೂರಾ ಆರಂಭವಾಗುವುದೇ ಏದುಸಿರು ಬಿಡುತ್ತ ಓಡುವ, ಗೊರಸಿನಿಂದ ಕಿಡಿ ಹಾರಿಸುವ ಕುದುರೆಗಳ ಆಣೆಯಿಂದ. ಕುದುರೆ, ಹೇಸರಗತ್ತೆ, ಕತ್ತೆಗಳನ್ನು ಸವಾರಿಗೂ ಸೊಗಸಿಗೂ ಸೃಷ್ಟಿಸಿದ್ದನ್ನು ಅನ್ನಹ್ಲ್ ಸೂರಾ ನೆನಪಿಸುತ್ತದೆ. ಕುದುರೆ ಒಬ್ಬನಿಗೆ ಪುಣ್ಯ, ಒಬ್ಬನಿಗೆ ಮರೆ, ಒಬ್ಬನಿಗೆ ಹೊರೆ ಎಂಬ ಹದೀಸನ್ನು ಅಬೂಹುರೈರಾ(ರ) ವರದಿ ಮಾಡಿದ್ದಾರೆ. ಅದನ್ನು ಏತಕ್ಕಾಗಿ ಸಾಕುತ್ತಾನೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಪ್ರವಾದಿ(ಸ)ರು ತಮ್ಮ ಹೊದಿಕೆಯಿಂದ ಕುದುರೆಯ ಮುಖ ಒರೆಸುತ್ತಿದ್ದುದನ್ನು ಇಮಾಮ್ ಮಾಲಿಕರ ಮುವತ್ತಾ ದಾಖಲಿಸಿದೆ. ಮದೀನಾದಲ್ಲಿ ಅವರು ಕುದುರೆ ಓಟ ಏರ್ಪಡಿಸಿದಾಗ, ಪಳಗಿಸಿ ಮೈ ಇಳಿಸಿದ ಕುದುರೆಗಳಿಗೆ ದೂರದ ಓಟ, ಪಳಗದವುಗಳಿಗೆ ಹತ್ತಿರದ ಓಟ ಎಂದು ಬೇರೆಬೇರೆ ನಿಗದಿ ಮಾಡಿದ್ದರು. ಎಳೆಯ ಇಬ್ನ್ ಉಮರ್(ರ) ಅದರಲ್ಲಿ ಭಾಗವಹಿಸಿದ್ದರು. ಎಲ್ಲ ಕುದುರೆಯನ್ನೂ ಒಂದೇ ಅಳತೆಯಲ್ಲಿ ದುಡಿಸಬಾರದೆಂಬ ವಿವೇಕ ಅದರಲ್ಲಿದೆ.

ಇಲ್ಲೊಂದು ಮಾತು ಹೇಳಿಬಿಡಬೇಕು. ಅರಬಿ ಕುದುರೆಯಲ್ಲಿ ಕುಹೈಲಾನ್, ಸಖ್ಲಾವಿ ಮುಂತಾಗಿ ಐದು ಮೂಲ ವಂಶಗಳಿವೆಯೆಂದೂ, ಬಾಯಾರಿದ್ದರೂ ನೀರು ಬಿಟ್ಟು ಪ್ರವಾದಿಯವರ ಕರೆಗೆ ಓಗೊಟ್ಟ ಐದು ಹೆಣ್ಣು ಕುದುರೆಗಳಿಂದ ಅವು ಹುಟ್ಟಿದವೆಂದೂ ಒಂದು ಕಥೆ ಎಲ್ಲೆಡೆ ಹರಿದಾಡುತ್ತದೆ. ಕಥೆ ಚೆನ್ನಾಗಿದೆ. ಆದರೆ ಅದು ಕುದುರೆ ಸಾಕುವವರ ಕಥೆ, ಹದೀಸ್ ಅಲ್ಲ. ಖುತ್ಬಾದಲ್ಲಿ ಹೇಳದಿರುವುದು ಒಳ್ಳೆಯದು.

ಈಗ ಕಡಲಿಗೆ ಬರೋಣ. ಹುರ್ಮುಜ್, ಕೀಶ್, ದೊಫಾರ್, ಏಡನ್ ಬಂದರುಗಳಿಂದ ಕುದುರೆಗಳು ಹೊರಡುತ್ತಿದ್ದವು. 13ನೇ ಶತಮಾನದ ಕೊನೆಗೆ ಹುರ್ಮುಜ್ ನೋಡಿದ ಮಾರ್ಕೊ ಪೋಲೊ ಅಲ್ಲಿಯ ಹಡಗುಗಳನ್ನು ಕಂಡು ಹೆದರಿದ್ದ. ಅವಕ್ಕೆ ಕಬ್ಬಿಣದ ಮೊಳೆಯಿಲ್ಲ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದಿರುತ್ತಾರೆ. ಒಳಗೆ ಸರಕು ತುಂಬಿ, ಅದರ ಮೇಲೆ ತೊಗಲು ಹಾಸಿ, ಆ ತೊಗಲಿನ ಮೇಲೆ ಕುದುರೆಗಳನ್ನು ನಿಲ್ಲಿಸುತ್ತಾರೆ. ಮೇಲ್ಮಾಳಿಗೆಯಿಲ್ಲದ ಅಂಥ ಹಡಗಿನಲ್ಲಿ ಅರಬಿ ಕಡಲು ದಾಟುವಾಗ ಆ ಪ್ರಾಣಿಗಳ ಪಾಡು ಏನಾಗಿರಬೇಡ!

ದಾಟಿ ಬಂದವುಗಳ ಪಾಡೂ ಅಷ್ಟೆ. ತಮಿಳುನಾಡಿನ ಕರಾವಳಿಯ ಮಅಬರಿನಲ್ಲಿ ಅರಸನೊಬ್ಬನೇ ವರ್ಷಕ್ಕೆ 2000ಕ್ಕಿಂತ ಹೆಚ್ಚು ಕುದುರೆ ಕೊಳ್ಳುತ್ತಾನೆ, ಅವನ ನಾಲ್ವರು ಸಹೋದರರೂ ಅಷ್ಟಷ್ಟೇ ಕೊಳ್ಳುತ್ತಾರೆ, ವರ್ಷದ ಕೊನೆಗೆ ನೂರು ಕುದುರೆಯೂ ಉಳಿದಿರುವುದಿಲ್ಲ ಎಂದು ಮಾರ್ಕೊ ಪೋಲೊ ಬರೆದಿದ್ದಾನೆ. ಬೇಯಿಸಿದ ಮಾಂಸ ಬೆರೆಸಿದ ಅನ್ನವನ್ನು ಅವಕ್ಕೆ ತಿನ್ನಿಸುತ್ತಿದ್ದರಂತೆ. ಬಾರ್ಲಿ ತಿಂದು ಒಣಹವೆಯಲ್ಲಿ ಬೆಳೆದ ಪ್ರಾಣಿಗೆ ಅನ್ನ, ಮಾಂಸ! ಲಾಳ ಕಟ್ಟುವವರು, ಕುದುರೆಯ ರೋಗ ಬಲ್ಲವರು ಅಲ್ಲಿರಲಿಲ್ಲ. ಇಷ್ಟರಲ್ಲಿ ಆಶ್ಚರ್ಯವಿಲ್ಲ, ಆದರೆ ಮುಂದಿನ ಮಾತು ಮನಸ್ಸಿಗೆ ಚುಚ್ಚುತ್ತದೆ. ಕುದುರೆ ಮಾರುವ ವರ್ತಕರು ಅಂಥ ಕಸುಬಿನವರನ್ನು ತಾವೂ ಕರೆತರುತ್ತಿರಲಿಲ್ಲ, ಬೇರೆಯವರು ಹೋಗದಂತೆಯೂ ನೋಡಿಕೊಳ್ಳುತ್ತಿದ್ದರು. ಕುದುರೆಗಳು ಸತ್ತಷ್ಟೂ ಮುಂದಿನ ವರ್ಷದ ವ್ಯಾಪಾರಕ್ಕೆ ಲಾಭ.

ಇದು ಹೊರಗಿನವನ ಆರೋಪ ಎಂದು ತಳ್ಳಿಹಾಕಬಹುದು. ಆದರೆ ಪರ್ಷಿಯನ್ ಚರಿತ್ರಕಾರ ವಸ್ಸಾಫ್ ಕೊಡುವ ಲೆಕ್ಕವೂ ಇದಕ್ಕೆ ಹತ್ತಿರದ್ದೇ. ಕೀಶ್ ದ್ವೀಪದ ಒಡೆಯ, ದೊಡ್ಡ ವರ್ತಕ ಜಮಾಲುದ್ದೀನ್ ತನ್ನದೇ ತಳಿಯ 1400 ಕುದುರೆಗಳನ್ನು ವರ್ಷವರ್ಷ ಮಅಬರಿಗೆ ಕಳಿಸುವ ಒಪ್ಪಂದವಿತ್ತು. ಕೊಲ್ಲಿಯ ಎಲ್ಲ ಬಂದರುಗಳಿಂದ ಒಟ್ಟು 10,000 ಹೋಗುತ್ತಿದ್ದವು. ಒಂದಕ್ಕೆ 220 ದೀನಾರ್ ಚಿನ್ನ. ದಾರಿಯಲ್ಲಿ ಕುದುರೆ ಸತ್ತರೂ ಅರಸನ ಬೊಕ್ಕಸದಿಂದ ಪೂರ್ತಿ ಹಣ ಸಲ್ಲಬೇಕು.

ಇದೇ ಕರಾರು ಸುಮಾರು 200 ವರ್ಷಗಳ ಬಳಿಕ ವಿಜಯನಗರದಲ್ಲೂ ಕಾಣುತ್ತದೆ. ಸಾಳುವ ನರಸಿಂಹ ಹುರ್ಮುಜ್ ಮತ್ತು ಏಡನ್ನಿನಿಂದ ಕುದುರೆ ತರಿಸುತ್ತಿದ್ದ. 1000 ಪರ್ದಾವ್‌ಗೆ ಮೂರರಂತೆ, ಬದುಕಿದ್ದರೂ ಸರಿ, ಸತ್ತಿದ್ದರೂ ಸರಿ. ಕಡಲಿನಲ್ಲಿ ಸತ್ತದ್ದರ ಬಾಲ ಮಾತ್ರ ತಂದು ತೋರಿಸಿದರೆ ಸಾಕು, ಬದುಕಿದ ಕುದುರೆಯ ಬೆಲೆಯನ್ನೇ ಎಣಿಸಿ ಕೊಡುತ್ತಿದ್ದ. ಪೋರ್ಚುಗೀಸ್ ವರ್ತಕ ನೂನಿಜ್ ಇದನ್ನು ಬರೆದಿಟ್ಟಿದ್ದಾನೆ.

ಅರಸನ ದೃಷ್ಟಿಯಿಂದ ಇದು ಜಾಣತನ. ಹಡಗು ಮುಳುಗುವ ಭಯಕ್ಕೆ ವರ್ತಕ ಬಾರದೆ ಉಳಿದರೆ, ಅಥವಾ ಎದುರಾಳಿಯ ಬಂದರಿಗೆ ಹೋದರೆ, ರಾಜ್ಯವೇ ಅಪಾಯದಲ್ಲಿ. ಆದರೆ ವರ್ತಕನ ಕಡೆಯಿಂದ ನೋಡಿ. ನಡುಕಡಲಿನಲ್ಲಿ ಕುಡಿಯುವ ನೀರು ಕಡಿಮೆಯಾಗಿದೆ. ಕುದುರೆಗೆ ಕುಡಿಸಬೇಕೋ, ಉಳಿಸಿಕೊಳ್ಳಬೇಕೋ? ಬಾಲಕ್ಕೂ ಅದೇ ಬೆಲೆಯಾದರೆ ಆ ಕುದುರೆಯನ್ನು ಉಳಿಸುವುದಕ್ಕೆ ಲೆಕ್ಕದ ಪುಸ್ತಕದಲ್ಲಿ ಯಾವ ಕಾರಣವೂ ಇಲ್ಲ. ಅರಸ ಬಂದು ನೋಡುವುದಿಲ್ಲ. ನೋಡುವವನು ಅಲ್ಲಾಹ್ ಮಾತ್ರ.

ಬಾಲದ ವಿಷಯ ಬಂದಾಗ ಸುನನ್ ಅಬೂದಾವೂದಿನ ಒಂದು ವರದಿ ನೆನಪಾಗುತ್ತದೆ. ಕುದುರೆಯ ಬಾಲ ಕತ್ತರಿಸಬೇಡಿ, ನೊಣ ಓಡಿಸಿಕೊಳ್ಳಲು ಅದಕ್ಕಿರುವುದು ಅದೊಂದೇ ಎಂಬ ಅರ್ಥದ ಮಾತು ಅದರಲ್ಲಿದೆ. ಜೀವವಿರುವ ಕುದುರೆಗೆ ನೊಣದ ಕಾಟವೂ ಆಗಬಾರದು ಎಂದ ದೀನ್ ಇದು. ಅದನ್ನು ನಂಬಿದವರ ಕೈಗೇ ಬಾಲ ಎಣಿಸುವ ಕರಾರು ಬಂದಿತ್ತು.

ಈ ಪತ್ರಿಕೆಯ ಖುತ್ಬಾ ಸಾರಾಂಶಗಳಲ್ಲಿ ವ್ಯಾಪಾರದ ಪ್ರಾಮಾಣಿಕತೆಯ ಮಾತು ಆಗಾಗ ಬರುತ್ತಿರುತ್ತದೆ. ಅದಕ್ಕೆ ಸಂಬಂಧಿಸಿದ ಎರಡು ಪ್ರಸಿದ್ಧ ಘಟನೆಗಳು ಕುದುರೆ ವ್ಯಾಪಾರದಲ್ಲೇ ನಡೆದಿರುವುದನ್ನು ನಾವು ಗಮನಿಸಿರುವುದಿಲ್ಲ. ಮೊದಲನೆಯದು: ಪ್ರವಾದಿ(ಸ)ರು ಒಬ್ಬ ಹಳ್ಳಿಗಾಡಿನ ಅರಬನಿಂದ ಕುದುರೆ ಕೊಂಡರು, ಹಣ ಕೊಡಲು ಅವನನ್ನು ಜೊತೆಗೆ ಕರೆದರು. ಅವನು ಹಿಂದೆ ಬಿದ್ದ. ಮಾರಾಟವಾಗಿರುವುದು ತಿಳಿಯದ ಜನ ದಾರಿಯಲ್ಲಿ ಹೆಚ್ಚಿನ ಬೆಲೆ ಕೇಳಿದರು. ಅವನ ಮನಸ್ಸು ಬದಲಾಯಿತು, ನಾನು ಮಾರಿಯೇ ಇಲ್ಲ, ಸಾಕ್ಷಿ ತನ್ನಿ ಎಂದ. ಹಝ್ರತ್ ಖುಝೈಮಾ(ರ) ಮುಂದೆ ಬಂದು ಸಾಕ್ಷಿ ನುಡಿದರು. ನೀವು ವ್ಯಾಪಾರದ ವೇಳೆ ಇರಲಿಲ್ಲವಲ್ಲ ಎಂದು ಪ್ರವಾದಿ(ಸ)ರು ಕೇಳಿದಾಗ, ತಮ್ಮ ಸತ್ಯವಂತಿಕೆಯೇ ನನ್ನ ಆಧಾರ ಎಂಬರ್ಥದಲ್ಲಿ ಉತ್ತರಿಸಿದರು. ಅಂದಿನಿಂದ ಅವರೊಬ್ಬರ ಸಾಕ್ಷ್ಯ ಇಬ್ಬರಿಗೆ ಸಮವಾಯಿತು.

ಎರಡನೆಯದು ಹಝ್ರತ್ ಜರೀರ್ ಬಿನ್ ಅಬ್ದುಲ್ಲಾ(ರ)ರದು. ಅವರ ಸೇವಕ 300ಕ್ಕೆ ಕುದುರೆ ಗಿಟ್ಟಿಸಿ, ಹಣ ಕೊಡಿಸಲು ಮಾಲೀಕನನ್ನು ಕರೆತಂದ. ಜರೀರ್(ರ) ಕುದುರೆಯನ್ನು ನೋಡಿ, ಇದು ಅದಕ್ಕಿಂತ ಹೆಚ್ಚು ಬಾಳುತ್ತದೆ, 400ಕ್ಕೆ ಕೊಡುತ್ತೀಯಾ ಎಂದರು. ಮತ್ತೆ ನೋಡಿ 500 ಎಂದರು. ಕೊಳ್ಳುವವನೇ ನೂರುನೂರಾಗಿ ಏರಿಸುತ್ತ 800 ಕೊಟ್ಟು ಕಳಿಸಿದ. ಪ್ರತಿಯೊಬ್ಬ ಮುಸ್ಲಿಮನ ಹಿತ ಬಯಸುವೆನೆಂದು ಪ್ರವಾದಿ(ಸ)ರ ಕೈಹಿಡಿದು ಪ್ರತಿಜ್ಞೆ ಮಾಡಿದ್ದೇನೆ ಎಂಬುದು ಅವರು ಕೊಟ್ಟ ಕಾರಣ. ಮಅಬರಿಗೆ ಲಾಳಗಾರರು ಹೋಗದಂತೆ ತಡೆದವರೂ ಜುಮಾ ದಿನ ಇಂಥ ಕಥೆಗಳನ್ನು ಕೇಳಿದವರೇ ಇರಬೇಕು.

ಒಳ್ಳೆಯದನ್ನೂ ಹೇಳಬೇಕು. ಕುದುರೆಯ ಅಗತ್ಯ ಎರಡು ಕಡೆಯವರನ್ನು ಹತ್ತಿರ ತಂದಿತು. ಬಹಮನಿಗಳ ಎದುರು ಸೋಲುತ್ತಿರುವುದೇಕೆ ಎಂದು ಇಮ್ಮಡಿ ದೇವರಾಯ ಕೇಳಿದಾಗ, ಅವರ ಕುದುರೆಗಳು ಮೇಲು, ಬಿಲ್ಲುಗಾರರು ಮೇಲು ಎಂದು ಮಂತ್ರಿಗಳು ಹೇಳಿದರೆಂದು ಫೆರಿಶ್ತಾ ಬರೆಯುತ್ತಾನೆ. ದೇವರಾಯ ಮುಸ್ಲಿಮ್ ಸವಾರರನ್ನು ಸೇನೆಗೆ ಸೇರಿಸಿಕೊಂಡು, ಜಹಗೀರು ಕೊಟ್ಟು, ಮಸೀದಿ ಕಟ್ಟಿಸಲು ಬಿಟ್ಟ. ಅವರು ವಂದಿಸಲು ಮುಜುಗರಪಡದಿರಲೆಂದು ಸಿಂಹಾಸನದ ಮುಂದೆ ಕುರ್‌ಆನ್ ಇರಿಸಿದ. ಅವನ ಸೇವೆಯಲ್ಲಿದ್ದ ಅಹ್ಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ ಹಂಪಿಯಲ್ಲಿ ಇಂದೂ ನಿಂತಿದೆ. ಶಾಸನ ಅದನ್ನು ಧರ್ಮಸಾಲೆ ಎಂದು ಕರೆದು, ಪುಣ್ಯವನ್ನು ದೇವರಾಯನಿಗೆ ಅರ್ಪಿಸಿದೆ. 1443ರಲ್ಲಿ ಹೆರಾತಿನಿಂದ ಬಂದ ರಾಯಭಾರಿ ಅಬ್ದುರ್ರಝಾಕ್ ಇದೇ ದೇವರಾಯನಿಗೆ ಒಪ್ಪಿಸಿದ ಕಾಣಿಕೆಯಲ್ಲಿ ಐದು ಕುದುರೆಗಳಿದ್ದವು.

ಅದೇ ಅಗತ್ಯ ರಕ್ತವನ್ನೂ ಹರಿಸಿತು. 1479ರಲ್ಲಿ ಭಟ್ಕಳದ ಮುಸ್ಲಿಮ್ ವರ್ತಕರು ಬಹಮನಿಗಳಿಗೆ ಕುದುರೆ ಮಾರಿದರೆಂಬ ಸಿಟ್ಟಿಗೆ ವಿಜಯನಗರದ ಅರಸನ ಆಜ್ಞೆಯಂತೆ ಅವರ ಕಗ್ಗೊಲೆ ನಡೆಯಿತು, ಉಳಿದವರು ಗೋವಾಕ್ಕೆ ಓಡಿಹೋಗಿ ನೆಲೆಸಿದರು ಎಂದು ಪೋರ್ಚುಗೀಸ್ ಚರಿತ್ರಕಾರ ಬರೋಸ್ ದಾಖಲಿಸಿದ್ದಾನೆ. ಇದನ್ನು ಧರ್ಮಯುದ್ಧವೆಂದು ಓದುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. 40 ವರ್ಷ ಹಿಂದೆ ಮಸೀದಿಗೆ ಜಾಗ ಕೊಟ್ಟದ್ದೂ ಕುದುರೆಗಾಗಿ, ಈಗ ಕತ್ತಿ ಎತ್ತಿದ್ದೂ ಕುದುರೆಗಾಗಿ.

ಇದಕ್ಕೆ ಕೆಲವು ವರ್ಷಗಳ ಮುಂಚೆ, 1470ರ ಆಸುಪಾಸಿನಲ್ಲಿ, ರಷ್ಯದ ಅಫನಾಸಿ ನಿಕಿತಿನ್ ಎಂಬ ಕ್ರೈಸ್ತ ವರ್ತಕ ಒಂದೇ ಒಂದು ಗಂಡು ಕುದುರೆಯನ್ನು ಹುರ್ಮುಜಿನಿಂದ ಹಡಗಿನಲ್ಲಿ ತಂದು ಚೌಲ್ ಬಂದರಿನಲ್ಲಿ ಇಳಿದ. ಅವನ ಬಂಡವಾಳವೆಲ್ಲ ಅದರ ಮೇಲೆಯೇ. ಜುನ್ನಾರಿನಲ್ಲಿ ಬಹಮನಿಗಳ ಅಧಿಕಾರಿ ಅಸದ್ ಖಾನ್ ಆ ಕುದುರೆಯನ್ನು ಕಿತ್ತುಕೊಂಡ. ಇವನು ಮುಸ್ಲಿಮನಲ್ಲ ಎಂದು ತಿಳಿದಾಗ, ನಮ್ಮ ಧರ್ಮಕ್ಕೆ ಬಂದರೆ ಕುದುರೆಯ ಜೊತೆಗೆ 1000 ಹೊನ್ನು ಕೊಡುತ್ತೇನೆ, ಬಾರದಿದ್ದರೆ ಕುದುರೆಯೂ ಇಲ್ಲ, ದಂಡವಾಗಿ 1000 ಹೊನ್ನು ನೀನೇ ಕಟ್ಟಬೇಕು ಎಂದು ನಾಲ್ಕು ದಿನ ಗಡುವು ಕೊಟ್ಟ. ಧರ್ಮದಲ್ಲಿ ಬಲಾತ್ಕಾರವಿಲ್ಲ ಎಂಬ ಕುರ್‌ಆನಿನ ಮಾತು ಖಾನನಿಗೆ ಗೊತ್ತಿರಲಿಲ್ಲ ಎನ್ನಲಾಗದು. ಒಳ್ಳೆಯ ಕುದುರೆ ಕಣ್ಣಿಗೆ ಬಿದ್ದಿತ್ತು, ಅಷ್ಟೆ.

ಗಡುವು ಮುಗಿಯುವ ಹೊತ್ತಿಗೆ ಖುರಾಸಾನಿನ ಖ್ವಾಜಾ ಮುಹಮ್ಮದ್ ಎಂಬವರು ಊರಿಗೆ ಬಂದರು. ನಿಕಿತಿನ್ ಅವರ ಬಳಿ ಗೋಳಾಡಿಕೊಂಡ. ಅವರು ತಾವೇ ಖಾನನ ಬಳಿಗೆ ಹೋಗಿ, ಮತಾಂತರದ ಒತ್ತಾಯವನ್ನು ಬಿಡಿಸಿ, ಕುದುರೆಯನ್ನೂ ಬಿಡಿಸಿಕೊಂಡು ಬಂದು ಒಪ್ಪಿಸಿದರು. ಈ ಉಪಕಾರವನ್ನು ನಿಕಿತಿನ್ ದೇವರ ಪವಾಡವೆಂದೇ ಬರೆದುಕೊಂಡಿದ್ದಾನೆ. ಅದೇ ನಿಕಿತಿನ್, ಇಲ್ಲಿ ಲಾಭವಿದೆ ಎಂದು ಸುಳ್ಳು ಹೇಳಿ ಕರೆತಂದ ಮುಸ್ಲಿಮ್ ವರ್ತಕರನ್ನು ಕಟುವಾದ ಮಾತಿನಲ್ಲಿ ಬೈದೂ ಇದ್ದಾನೆ. ಒಬ್ಬನೇ ಪ್ರಯಾಣಿಕ, ಒಂದೇ ಕುದುರೆ. ಕಿತ್ತುಕೊಂಡವನೂ ನಮ್ಮವನು, ಮೋಸ ಮಾಡಿದವರೂ ನಮ್ಮವರು, ಬಿಡಿಸಿಕೊಟ್ಟವರೂ ನಮ್ಮವರು.

ಒಂದು ವರ್ಷ ಮೇವು ಹಾಕಿ ಸಾಕಿದ ಆ ಕುದುರೆಯನ್ನು ಅವನು ಕೊನೆಗೆ ಬೀದರಿನಲ್ಲಿ ಮಾರಿದ. ಇಲ್ಲಿ ಕುದುರೆ ಹುಟ್ಟುವುದಿಲ್ಲ, ಎತ್ತು ಎಮ್ಮೆಗಳೇ ಎಲ್ಲ ಕೆಲಸಕ್ಕೂ. ಕುದುರೆಗೆ ಕಡಲೆ ತಿನ್ನಿಸುತ್ತಾರೆ, ಸಕ್ಕರೆ ಎಣ್ಣೆ ಹಾಕಿ ಕಿಚಡಿ ಬೇಯಿಸಿ ಕೊಡುತ್ತಾರೆ ಎಂದು ಬರೆದಿದ್ದಾನೆ. ಮಾರ್ಕೊ ಪೋಲೊ ಕಂಡ ಮಾಂಸದನ್ನಕ್ಕಿಂತ ಇದು ಎಷ್ಟೋ ಮೇಲು. ಬೀದರಿನ ಹತ್ತಿರದ ಆಳಂದದಲ್ಲಿ ಶೇಖ್ ಅಲಾವುದ್ದೀನರ ಹೆಸರಿನಲ್ಲಿ ವರ್ಷಕ್ಕೊಮ್ಮೆ ಹತ್ತು ದಿನ ನಡೆಯುವ ಸಂತೆಗೆ ಮಾರಾಟಕ್ಕೆ 20,000ದಷ್ಟು ಕುದುರೆಗಳು ಬರುತ್ತಿದ್ದುದನ್ನೂ ಹೇಳುತ್ತಾನೆ. ಇಂದು ಲಾಡ್ಲೆ ಮಶಾಯಿಖ್ ದರ್ಗಾಕ್ಕೆ ಹೋಗುವವರು ಆ ಬಯಲನ್ನು ಒಮ್ಮೆ ಕಲ್ಪಿಸಿಕೊಳ್ಳಬಹುದು.

ಅಷ್ಟರಲ್ಲಿ ದಖ್ಖನದವರು ಕುದುರೆಯನ್ನು ಅರಿಯತೊಡಗಿದ್ದರು. ಕನ್ನಡದಲ್ಲಿ ಅಭಿನವಚಂದ್ರ ಅಶ್ವಶಾಸ್ತ್ರ ಬರೆದ. ಸಂಸ್ಕೃತದ ಶಾಲಿಹೋತ್ರ ಗ್ರಂಥ ಬಹಮನಿ ಅಹ್ಮದ್ ಶಾ ವಲಿಗಾಗಿ ಪರ್ಷಿಯನ್ನಿಗೆ ಅನುವಾದವಾಯಿತು. ಕಸುಬಿನ ಜೊತೆ ಮಾತೂ ಬಂದಿತು. ಲಗಾಮು, ಜೀನು, ಚಾಬೂಕು, ಸವಾರ ಎಲ್ಲ ಆ ದಾರಿಯಲ್ಲಿ ಬಂದ ಪದಗಳೇ. ಪಾದರಕ್ಷೆಗೆ ಅರಬಿಯಲ್ಲಿರುವ ನಅಲ್ ಎಂಬ ಪದ ಹಿಂದೂಸ್ತಾನಿಯಲ್ಲಿ ನಾಲ್ ಆಗಿ, ಕನ್ನಡದಲ್ಲಿ ಲಾಳವಾಯಿತು. ಲಾಳಗಾರರನ್ನು ತಡೆದ ಕಡಲ ವ್ಯಾಪಾರಕ್ಕೆ ಲಾಳದ ಹೆಸರನ್ನು ತಡೆಯಲಾಗಲಿಲ್ಲ.

ಮುಂದೆ ಈ ವ್ಯಾಪಾರ ಮುಸ್ಲಿಮ್ ವರ್ತಕರ ಕೈಯಿಂದ ಜಾರಿತು. 1510ರಲ್ಲಿ ಗೋವಾ, 1515ರಲ್ಲಿ ಹುರ್ಮುಜ್ ಪೋರ್ಚುಗೀಸರ ವಶವಾದ ಮೇಲೆ ಕುದುರೆ ಹಡಗುಗಳು ಗೋವಾಕ್ಕೇ ಬರಬೇಕು, ಅಲ್ಲಿಯೇ ಸುಂಕ ಕಟ್ಟಬೇಕು ಎಂದಾಯಿತು. ವಿಜಯನಗರ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿತ್ತೆಂದು ನೂನಿಜ್ ಹೇಳುತ್ತಾನೆ. ಬಂದರು ಹಿಡಿದವನಿಗೆ ಅದು ಬಂಗಾರದ ಗಣಿ. 1547ರಲ್ಲಿ ಪೋರ್ಚುಗೀಸರು ಗೋವಾದ ಕುದುರೆಗಳನ್ನು ವಿಜಯನಗರಕ್ಕೆ ಮಾತ್ರ ಕೊಡುವ, ಬಿಜಾಪುರದ ಆದಿಲ್ ಶಾಗೆ ಕೊಡದಿರುವ ಒಪ್ಪಂದ ಮಾಡಿಕೊಂಡರು. ಭಟ್ಕಳದ ವೈಭವ ಹಿಂದಿನಂತಿರಲಿಲ್ಲ.

ಆದರೂ ಕುದುರೆ ಹಿಡಿದು ಬರುವವರು ನಿಲ್ಲಲಿಲ್ಲ. 1824ರಲ್ಲಿ ಶೀರಾಝಿನಿಂದ ಆಗಾ ಅಲಿ ಅಸ್ಕರ್ ಎಂಬ 16 ವರ್ಷದ ಹುಡುಗ ಅಣ್ಣತಮ್ಮಂದಿರ ಜೊತೆ 200 ಕುದುರೆಗಳೊಂದಿಗೆ ಬೆಂಗಳೂರಿಗೆ ಬಂದ. ಮೈಸೂರು ಮಹಾರಾಜರಿಗೂ ಬ್ರಿಟಿಷರಿಗೂ ಕುದುರೆ ಒದಗಿಸಿ, ಇಲ್ಲಿಯೇ ನೆಲೆಸಿ, ನಗರದಲ್ಲಿ ಬಂಗಲೆಗಳನ್ನು ಕಟ್ಟಿಸಿದ. ಅವನ ಹೆಸರಿನ ರಸ್ತೆ ಈಗಲೂ ಇದೆ. ಅವನ ಮೊಮ್ಮಗನೇ 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್.

ಇನ್ನು ಆ ಕುದುರೆಗಳು? ಕಡಲು ದಾಟಿ, ಅನ್ನ ಜೀರ್ಣಿಸಿಕೊಂಡು, ಹೇಗೋ ಬದುಕಿ ಉಳಿದ ಕೆಲವು ಇಲ್ಲಿಯ ತಟ್ಟುಗಳೊಂದಿಗೆ ಬೆರೆತವು. ಭೀಮಾ ನದಿಯ ದಂಡೆಯಲ್ಲಿ ಬೆಳೆದ ಆ ಮಿಶ್ರ ತಳಿಗೆ ಭೀಮಥಡಿ ಎಂದು ಹೆಸರು. ಮರಾಠಾ ಸವಾರರ ದೂರದ ದಂಡಯಾತ್ರೆಗಳಿಗೆ ಇದು ಹೇಳಿ ಮಾಡಿಸಿದಂತಿತ್ತು. ಸ್ವಲ್ಪ ತಿಂದು ಬಹಳ ನಡೆಯುವ ಕುದುರೆ. ಕುದುರೆದಂಡಿನ ಕಾಲ ಮುಗಿದ ಮೇಲೆ ಅದನ್ನು ಉಳಿಸಿಕೊಂಡವರು ಅರಸರಲ್ಲ, ಪುಣೆ ಸೊಲ್ಲಾಪುರ ಸೀಮೆಯ ಧನಗರ ಕುರಿಗಾಹಿಗಳು. ಮೇವು ಹುಡುಕಿಕೊಂಡು ಅವರ ಹಿಂಡು ಊರೂರು ದಾಟುವಾಗ, ಗುಂಪಿನ ಜೊತೆ ನಡೆಯುವ ಆ ಕುದುರೆಗಳ ಬೆನ್ನ ಮೇಲೆ ಪಾತ್ರೆಗಳು, ಕಂಬಳಿಗಳು, ಇನ್ನೂ ನಡೆಯಲು ಬಾರದ ಕುರಿಮರಿಗಳು ಇರುತ್ತವೆ.